ಕಾರ್ಡ್ ಹೋಯಿತು, ಪಿಯಾನೊ ಹೋಯಿತು: ಅವಾಂಟ್‌ಗಾರ್ಡ್ ಜಾಝ್‌ನಲ್ಲಿ ಉಳಿದದ್ದೇನು?

1962ರ ಜನವರಿ 18ರ ಸಂಚಿಕೆಯಲ್ಲಿ ಅಮೆರಿಕದ ಜಾಝ್ ಪತ್ರಿಕೆ ‘ಡೌನ್‌ಬೀಟ್’ ಒಂದೇ ರೆಕಾರ್ಡಿಗೆ ಎರಡು ವಿಮರ್ಶೆ ಅಚ್ಚುಹಾಕಿತು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಜಾನ್ ಟೈನನ್ ಒಂದೂ ಕೊಟ್ಟಿರಲಿಲ್ಲ. ರೆಕಾರ್ಡು ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’. ಇಬ್ಬರೂ ಪಳಗಿದ ವಿಮರ್ಶಕರೇ. ಮೂವತ್ತೇಳು ನಿಮಿಷದ ಅದೇ ಸಂಗೀತದಲ್ಲಿ ಒಬ್ಬರು ಹೊಸದಾಗಿ ಬಂದದ್ದನ್ನು ಕೇಳಿಸಿಕೊಂಡರು, ಇನ್ನೊಬ್ಬರು ಕಾಣೆಯಾದದ್ದನ್ನು ಹುಡುಕುತ್ತ ಕೂತರು.

ಅವಾಂಟ್‌ಗಾರ್ಡ್ ಜಾಝ್, ಅಂದರೆ ರೂಢಿಯ ಕಟ್ಟು ಬಿಟ್ಟು ಹೊಸ ದಾರಿ ಹಿಡಿದ ಜಾಝ್‌ನ ವಿಷಯ ಬಂದಾಗ ‘ನಿಯಮಗಳನ್ನೆಲ್ಲ ಗಾಳಿಗೆ ತೂರಿದರು’ ಎಂದು ಬರೆದು ಕೈತೊಳೆದುಕೊಳ್ಳುವುದು ವಾಡಿಕೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಇಲ್ಲಿ ಒಂದು ಆಧಾರವನ್ನು ಕಿತ್ತಾಗಲೆಲ್ಲ ಅದರ ಭಾರ ಹೊರಲು ಇನ್ನೊಂದನ್ನು ತಂದು ನಿಲ್ಲಿಸಬೇಕಾಯಿತು. ಯಾವಾಗ ಏನು ಹೋಯಿತು, ಆ ಜಾಗಕ್ಕೆ ಏನು ಬಂತು ಎಂದು ನೋಡುತ್ತ ಹೋದರೆ ಸಂಗೀತವೂ ಅರ್ಥವಾಗುತ್ತದೆ, ಅದರ ಸುತ್ತ ಎದ್ದ ಜಗಳವೂ ಅರ್ಥವಾಗುತ್ತದೆ.

ಮೊದಲು ಇದ್ದದ್ದೇನು ಎಂಬುದನ್ನು ನೋಡೋಣ. 1950ರ ದಶಕದ ಜಾಝ್ ತಂಡವೊಂದು ನುಡಿಸುತ್ತಿದ್ದದ್ದು ಸಾಮಾನ್ಯವಾಗಿ 32 ಬಾರ್‌ಗಳ ಹಾಡು ಅಥವಾ 12 ಬಾರ್‌ಗಳ ಬ್ಲೂಸ್ (ಕಪ್ಪು ಅಮೆರಿಕನ್ನರ ಒಂದು ಹಾಡಿನ ಪ್ರಕಾರ). ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಪೆಟ್ಟುಗಳ ಒಂದು ಅಳತೆ. ಮೊದಲು ರಾಗಭಾಗ, ಅದಕ್ಕೆ ‘ಹೆಡ್’ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರ ಸೋಲೊ. ಸೋಲೊ ಎಂದರೆ ಮನಸ್ಸಿಗೆ ಬಂದದ್ದನ್ನು ನುಡಿಸುವುದಲ್ಲ. ಹೆಡ್‌ನ ಕೆಳಗಿದ್ದ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳ ಗುಚ್ಛಗಳು, ಅದೇ ಕ್ರಮದಲ್ಲಿ ಸುತ್ತುತ್ತಲೇ ಇರುತ್ತವೆ. ಆ ಸುತ್ತಿನ ಮೇಲೆ ಹೊಸ ರಾಗ ಕಟ್ಟಬೇಕು. ನಿಮಿಷಕ್ಕೆ 200 ಪೆಟ್ಟಿನ ವೇಗದಲ್ಲಿ 32 ಬಾರ್ ಎಂದರೆ 128 ಪೆಟ್ಟು, ಸುಮಾರು 38 ಸೆಕೆಂಡು. ಪ್ರತಿ 38 ಸೆಕೆಂಡಿಗೊಮ್ಮೆ ಸಂಗೀತ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಬಾಸ್ ಎಂಬ ಕೆಳದನಿಯ ದೊಡ್ಡ ತಂತಿವಾದ್ಯದ ವಾದಕ ಪ್ರತಿ ಪೆಟ್ಟಿಗೂ ಒಂದು ಸ್ವರ ಮೀಟಿ ಕಾರ್ಡ್ ಯಾವುದೆಂದು ಹೇಳುತ್ತಿರುತ್ತಾನೆ, ಡ್ರಮ್ಮರ್ ರೈಡ್ ಸಿಂಬಲ್ ಎಂಬ ಲೋಹದ ತಟ್ಟೆಯಲ್ಲಿ ಲಯ ಹಿಡಿದಿರುತ್ತಾನೆ, ಪಿಯಾನೊ ಕಾರ್ಡ್ ತುಂಬುತ್ತದೆ. ದಾರಿ ತಪ್ಪುವುದು ವಾದಕನಿಗೂ ಕಷ್ಟ, ಕೇಳುಗನಿಗೂ ಕಷ್ಟ.

ಇದನ್ನು ಸಡಿಲಿಸುವ ಪ್ರಯತ್ನಗಳು ಬಿಡಿಬಿಡಿಯಾಗಿ ಮೊದಲೇ ನಡೆದಿದ್ದವು. 1949ರಲ್ಲಿ ಪಿಯಾನೊ ವಾದಕ ಲೆನಿ ಟ್ರಿಸ್ಟಾನೊ ಅವರ ತಂಡ ಮೊದಲೇ ಗೊತ್ತುಮಾಡಿದ ರಾಗ, ಕಾರ್ಡ್, ವೇಗ ಯಾವುದೂ ಇಲ್ಲದೆ ಸ್ಟುಡಿಯೋದಲ್ಲಿ ನುಡಿಸಿತು. 1956ರಲ್ಲಿ ಪಿಯಾನೊ ವಾದಕ ಸೆಸಿಲ್ ಟೇಲರ್ ಅವರ ಮೊದಲ ರೆಕಾರ್ಡಿಂಗ್ ಆಯಿತು. 1959ರ ಹೊತ್ತಿಗೆ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರೇ ಕಾರ್ಡ್‌ಗಳ ದಟ್ಟಣೆ ಬಿಟ್ಟು ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಲ್ಲುವ ಕ್ರಮಕ್ಕೆ ಹೊರಳಿದ್ದರು. ಆದರೆ ಜಗಳ ಹುಟ್ಟಿದ್ದು ಕೋಲ್ಮನ್ ಅವರಿಂದ.

ಕೋಲ್ಮನ್ ಮಾಡಿದ್ದು ಮೇಲುನೋಟಕ್ಕೆ ಸಣ್ಣ ಕೆಲಸ. 1958ರ ಮೊದಲ ರೆಕಾರ್ಡಿನಲ್ಲಿದ್ದ ಪಿಯಾನೊವನ್ನು ಆಮೇಲೆ ಬಿಟ್ಟುಬಿಟ್ಟರು. 1959ರ ಮೇ 22ರಂದು ಹಾಲಿವುಡ್‌ನಲ್ಲಿ ರೆಕಾರ್ಡ್ ಆದ ‘ದ ಶೇಪ್ ಆಫ್ ಜಾಝ್ ಟು ಕಮ್’ನಲ್ಲಿ ಇರುವವರು ನಾಲ್ಕೇ ಜನ: ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕೋಲ್ಮನ್, ಟ್ರಂಪೆಟ್‌ನಂಥದೇ ಚಿಕ್ಕ ವಾದ್ಯವಾದ ಕಾರ್ನೆಟ್‌ನಲ್ಲಿ ಡಾನ್ ಚೆರಿ, ಬಾಸ್‌ನಲ್ಲಿ ಚಾರ್ಲಿ ಹೇಡನ್, ಡ್ರಮ್ಸ್‌ನಲ್ಲಿ ಬಿಲಿ ಹಿಗಿನ್ಸ್. ಪಿಯಾನೊ ಹೋದರೆ ಎರಡು ಸಂಗತಿ ಒಟ್ಟಿಗೆ ಹೋಗುತ್ತವೆ. ಕಾರ್ಡ್ ಯಾವುದು ಎಂದು ಸಾರಿ ಹೇಳುವವರು ಯಾರೂ ಉಳಿಯುವುದಿಲ್ಲ. ಜೊತೆಗೆ, ಸ್ವರಸ್ಥಾನಗಳನ್ನು ಅಲುಗದಂತೆ ಕಟ್ಟಿಹಾಕಿದ್ದ ವಾದ್ಯವೂ ಹೋಗುತ್ತದೆ. ಪಿಯಾನೊದ ಕೀಲಿಮಣೆಯಲ್ಲಿ ಒಂದು ಸ್ವರಕ್ಕೆ ಒಂದೇ ಜಾಗ. ಸ್ಯಾಕ್ಸೊಫೋನ್ ಹಾಗಲ್ಲ, ತುಟಿಯ ಬಿಗಿ ಸ್ವಲ್ಪ ಬದಲಾದರೂ ಸ್ವರ ಮೇಲೆ ಕೆಳಗೆ ಜಾರುತ್ತದೆ. ಒಂದೇ ಸ್ವರ ಸಂದರ್ಭಕ್ಕೆ ತಕ್ಕಂತೆ ತುಸು ಏರಿಯೋ ತುಸು ಇಳಿದೋ ಬಂದರೂ ಶ್ರುತಿಯಲ್ಲೇ ಇರಬಲ್ಲದು ಎಂಬುದು ಕೋಲ್ಮನ್ ಅವರ ನಂಬಿಕೆ. ‘ಅವರಿಗೆ ಶ್ರುತಿಯೇ ಗೊತ್ತಿಲ್ಲ’ ಎಂದವರು ಇಲ್ಲದ ಪಿಯಾನೊದ ಶ್ರುತಿಗೆ ಅವರನ್ನು ತಾಳೆ ನೋಡುತ್ತಿದ್ದರು.

ಅವರ ಕೈಯಲ್ಲಿ ಆಗ ಇದ್ದದ್ದು ಗ್ರಾಫ್ಟನ್ ಎಂಬ ಬಿಳಿ ಪ್ಲಾಸ್ಟಿಕ್ ಸ್ಯಾಕ್ಸೊಫೋನ್. ಲೋಹದ್ದು ಕೊಳ್ಳಲು ಹಣ ಸಾಲದೆ ಕೊಂಡದ್ದು. ಆಟಿಕೆಯಂತೆ ಕಾಣುತ್ತಿದ್ದ ಆ ವಾದ್ಯವೂ ಅನುಮಾನಕ್ಕೆ ತುಪ್ಪ ಸುರಿಯಿತು.

ಆ ರೆಕಾರ್ಡಿನ ಮೊದಲ ತುಣುಕು ‘ಲೋನ್ಲಿ ವುಮನ್’, ಐದು ನಿಮಿಷಕ್ಕೆ ಒಂದೆರಡು ಸೆಕೆಂಡು ಕಡಿಮೆ. ಹಿಗಿನ್ಸ್ ಸಿಂಬಲ್ ಮೇಲೆ ಬಿರುಸಿನ ಲಯ ಹಿಡಿಯುತ್ತಾರೆ. ಹೇಡನ್ ತಂತಿಗಳನ್ನು ಜೋಡಿಯಾಗಿ ಮೀಟುತ್ತ ಕೆಳದನಿಯಲ್ಲಿ ನಿಂತಿರುತ್ತಾರೆ. ಇವೆರಡರ ಮೇಲೆ ಸ್ಯಾಕ್ಸೊಫೋನೂ ಕಾರ್ನೆಟ್ಟೂ ಒಟ್ಟಾಗಿ ನಿಧಾನಕ್ಕೆ, ಆ ಲಯಕ್ಕೆ ಕಟ್ಟುಬೀಳದೆ, ಶೋಕದಂಥ ರಾಗ ಹಾಡುತ್ತವೆ. ಎರಡು ವೇಗ ಏಕಕಾಲಕ್ಕೆ ನಡೆಯುತ್ತಿದೆ. ಇಲ್ಲಿ ಅಸ್ತವ್ಯಸ್ತ ಏನೂ ಇಲ್ಲ, ಹಾಡನ್ನು ಗುನುಗಬಹುದು. ಕಾರ್ಡ್‌ಗಳ ಸುತ್ತು ಹೋದ ಜಾಗದಲ್ಲಿ ರಾಗದ ಎಳೆ ಬಂದು ಕೂತಿದೆ. ಸೋಲೊದಲ್ಲಿ ಕೋಲ್ಮನ್ ಒಂದು ಸಣ್ಣ ಪದಗುಚ್ಛ ಹಿಡಿಯುತ್ತಾರೆ, ತಿರುಗಿಸುತ್ತಾರೆ, ಇನ್ನೊಂದು ಶ್ರುತಿಗೆ ಒಯ್ಯುತ್ತಾರೆ. ಬಾಸ್ ಅವರ ಹಿಂದೆ ಓಡುತ್ತದೆ. ಮೊದಲು ಬಾಸ್ ದಾರಿ ಹೇಳುತ್ತಿತ್ತು, ಈಗ ಕೇಳಿಸಿಕೊಂಡು ದಾರಿ ಮಾಡುತ್ತದೆ. ಹೇಡನ್ ಇಲ್ಲದಿದ್ದರೆ ಈ ಪ್ರಯೋಗ ಮೊದಲ ವರ್ಷವೇ ಮುಗ್ಗರಿಸುತ್ತಿತ್ತು ಎಂದು ನನ್ನ ಎಣಿಕೆ.

ಗಮನಿಸಿ, ಇಷ್ಟಾದರೂ ಲಯ ಗಟ್ಟಿಯಾಗಿದೆ. ಕಾಲು ತಟ್ಟಬಹುದು. ‘ಫ್ರೀ ಜಾಝ್’ನಲ್ಲೂ ಅಷ್ಟೇ. 1960ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನಲ್ಲಿ ಎರಡು ಚತುಷ್ಟಯಗಳನ್ನು ಒಟ್ಟಿಗೆ ನುಡಿಸಿದ ಆ ರೆಕಾರ್ಡಿನಲ್ಲಿ ಎಡ ಸ್ಪೀಕರಿನಲ್ಲಿ ಕೋಲ್ಮನ್, ಚೆರಿ, ಬಾಸ್ ವಾದಕ ಸ್ಕಾಟ್ ಲಫಾರೊ ಮತ್ತು ಹಿಗಿನ್ಸ್. ಬಲದಲ್ಲಿ ಬಾಸ್ ಕ್ಲಾರಿನೆಟ್ ಹಿಡಿದ ಎರಿಕ್ ಡಾಲ್ಫಿ, ಟ್ರಂಪೆಟ್‌ನಲ್ಲಿ ಫ್ರೆಡಿ ಹಬರ್ಡ್, ಹೇಡನ್ ಮತ್ತು ಡ್ರಮ್ಮರ್ ಎಡ್ ಬ್ಲ್ಯಾಕ್‌ವೆಲ್. ಮೊದಲೇ ಬರೆದಿಟ್ಟ ಚಿಕ್ಕ ತುಣುಕೊಂದನ್ನು ಎಲ್ಲರೂ ಕೂಡಿ ನುಡಿಸಿ ಒಬ್ಬರನ್ನು ಮುಂದಕ್ಕೆ ಬಿಡುತ್ತಾರೆ. ಅವರು ನುಡಿಸುವಾಗ ಉಳಿದ ಊದುವವರು ಬೇಕೆನಿಸಿದಾಗ ಹಿಂದಿನಿಂದ ಮಾತು ಸೇರಿಸಬಹುದು. ಡಾಲ್ಫಿ, ಹಬರ್ಡ್, ಕೋಲ್ಮನ್, ಚೆರಿ, ಆಮೇಲೆ ಇಬ್ಬರು ಬಾಸ್ ವಾದಕರು, ಕೊನೆಗೆ ಇಬ್ಬರು ಡ್ರಮ್ಮರ್‌ಗಳು, ಹೀಗೆ ಸರದಿ. ಕೋಲ್ಮನ್ ಅವರದು ಸುಮಾರು ಹತ್ತು ನಿಮಿಷ, ಊದುವ ಉಳಿದವರದು ಅದರರ್ಧ. ಸರದಿಯುಂಟು, ಗುರುತಿನ ತುಣುಕುಂಟು, ಲಯವುಂಟು. ಸೊನ್ನೆ ನಕ್ಷತ್ರ ಕೊಡುವಷ್ಟು ಅರಾಜಕತೆ ಎಲ್ಲಿದೆ ಎಂದು ಇವತ್ತು ಕೇಳಿದವರಿಗೆ ಅಚ್ಚರಿಯಾದೀತು.

ಲಯ ಹೋದದ್ದು ಅದರ ನಂತರ, ಬೇರೆ ಕೈಗಳಲ್ಲಿ. 1962ರ ಕೊನೆಗೆ ಸೆಸಿಲ್ ಟೇಲರ್ ಕೋಪನ್‌ಹೇಗನ್‌ನ ಕಾಫೆ ಮಾನ್‌ಮಾರ್ತ್‌ನಲ್ಲಿ ಆಲ್ಟೊ ವಾದಕ ಜಿಮಿ ಲಯನ್ಸ್, ಡ್ರಮ್ಮರ್ ಸನಿ ಮರಿ ಇಬ್ಬರನ್ನೇ ಇಟ್ಟುಕೊಂಡು ನುಡಿಸಿದರು. ಬಾಸ್ ಇಲ್ಲ. ಸನಿ ಮರಿ ಅವರು ಎಣಿಸಬಲ್ಲ ಪೆಟ್ಟನ್ನು ಬಿಟ್ಟುಕೊಟ್ಟರು. ಸಿಂಬಲ್ ಬಿಡುವಿಲ್ಲದೆ ಮಿಡಿಯುತ್ತದೆ, ದಪ್ಪ ಡ್ರಮ್ಮು ಅಲ್ಲೊಂದು ಇಲ್ಲೊಂದು ಬೀಳುತ್ತದೆ, ಆದರೆ ಒಂದು–ಎರಡು–ಮೂರು–ನಾಲ್ಕು ಎಂದು ಹೇಳುವ ಹಾಗಿಲ್ಲ. ಲಯದ ಜಾಗಕ್ಕೆ ಬಂದದ್ದು ಉಬ್ಬರ ಇಳಿತ. ಸಂಗೀತ ದಟ್ಟವಾಗುತ್ತಿದೆಯೋ ತೆಳುವಾಗುತ್ತಿದೆಯೋ ಎಂಬುದನ್ನು ಮೈ ಗುರುತಿಸುತ್ತದೆ. ಅದೇ ಮುಂದಕ್ಕೆ ನೂಕುವ ಶಕ್ತಿ. ಮಿಲ್ಫರ್ಡ್ ಗ್ರೇವ್ಸ್ ಇನ್ನೂ ಒಂದು ಹೆಜ್ಜೆ ಹೋಗಿ ತಮ್ಮ ಡ್ರಮ್ಮುಗಳ ಕೆಳಬದಿಯ ಹೊದಿಕೆಯನ್ನೇ ತೆಗೆದುಹಾಕಿದರು. ಕೆಳಹೊದಿಕೆ ಇಲ್ಲದಿದ್ದರೆ ಅನುರಣನ ಬೇಗ ನಿಲ್ಲುತ್ತದೆ, ಪೆಟ್ಟು ಪೆಟ್ಟೂ ಬಿಡಿಯಾಗಿ ಕೇಳುತ್ತದೆ, ಅತಿವೇಗದಲ್ಲೂ ಸದ್ದು ಕಲಸಿಕೊಳ್ಳುವುದಿಲ್ಲ.

ಟೇಲರ್ ಅವರನ್ನು ಕೇಳಿ ‘ಮನಸ್ಸಿಗೆ ಬಂದಂತೆ ಪಿಯಾನೊ ಬಡಿಯುತ್ತಾರೆ’ ಎನ್ನುವವರು 1966ರ ‘ಯೂನಿಟ್ ಸ್ಟ್ರಕ್ಚರ್ಸ್’ ಹೇಗೆ ತಯಾರಾಗಿದೆ ಎಂದು ನೋಡಬೇಕು. ಏಳು ಜನ, ಅದರಲ್ಲಿ ಇಬ್ಬರು ಬಾಸ್. ಸಣ್ಣ ಸ್ವರಗುಂಪುಗಳನ್ನು ಟೇಲರ್ ಕಟ್ಟುತ್ತಿದ್ದರು. ಅವನ್ನು ಬಾಯಿಂದ ಕಿವಿಗೆ, ಪಿಯಾನೊದಿಂದ ಕಿವಿಗೆ ತಂಡಕ್ಕೆ ಕಲಿಸುತ್ತಿದ್ದರು. ಅಂಗೈಯಿಂದ, ಮುಂಗೈಯಿಂದ ಪಕ್ಕಪಕ್ಕದ ಕೀಲಿಗಳನ್ನು ಒಟ್ಟಿಗೆ ಒತ್ತುವ ಅವರ ಕ್ಲಸ್ಟರ್‌ಗಳಲ್ಲೂ ಎಷ್ಟು ಅಗಲ, ಎಷ್ಟು ಎತ್ತರದಲ್ಲಿ, ಎಷ್ಟು ಭಾರ ಎಂಬ ಲೆಕ್ಕ ಇದೆ. ಒಮ್ಮೆ ಕೇಳಿದ್ದು ಮೂರು ನಿಮಿಷದ ನಂತರ ಬೇರೆ ಎತ್ತರದಲ್ಲಿ ಹಾಗೇ ಮರಳಿ ಬಂದಾಗ ಅದು ಆಕಸ್ಮಿಕ ಎನ್ನಲಾಗುವುದಿಲ್ಲ.

ಕೊನೆಗೆ ಹೋದದ್ದು ‘ಶುದ್ಧ ಸ್ವರ’. ಟೆನರ್ ಸ್ಯಾಕ್ಸೊಫೋನ್ ವಾದಕ ಆಲ್ಬರ್ಟ್ ಐಲರ್ 1964ರ ಜುಲೈ 10ರಂದು ರೆಕಾರ್ಡ್ ಮಾಡಿದ ‘ಸ್ಪಿರಿಚುವಲ್ ಯೂನಿಟಿ’ ಅರ್ಧ ಗಂಟೆಯೂ ಇಲ್ಲ. ಬಾಸ್‌ನಲ್ಲಿ ಗ್ಯಾರಿ ಪೀಕಾಕ್, ಡ್ರಮ್ಸ್‌ನಲ್ಲಿ ಅದೇ ಸನಿ ಮರಿ. ಅದರಲ್ಲಿರುವ ‘ಘೋಸ್ಟ್ಸ್’ನ ಹೆಡ್ ಮಕ್ಕಳೂ ಹಾಡಬಹುದಾದಷ್ಟು ಸರಳ. ಅಲ್ಲಿಂದ ಐಲರ್ ಹೊರಟು ಕೆಲವೇ ಕ್ಷಣಗಳಲ್ಲಿ ಸ್ವರಗಳೇ ಇಲ್ಲದ ಕಡೆಗೆ, ಕೂಗು, ಗೊಗ್ಗರು, ಸೀಳುದನಿಗಳ ಕಡೆಗೆ ಹೋಗುತ್ತಾರೆ. ರಾಗ ಹೊರುತ್ತಿದ್ದ ಭಾರವನ್ನು ಇಲ್ಲಿ ನಾದದ ಬಣ್ಣ ಹೊರುತ್ತದೆ.

ಈ ಸದ್ದುಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಬಹಳ ಜನ ‘ಜೋರಾಗಿ ಊದುವುದು’ ಎಂದುಕೊಂಡಿದ್ದಾರೆ. ಸ್ಯಾಕ್ಸೊಫೋನ್ ಶಂಕುವಿನಾಕಾರದ ಕೊಳವೆ; ಸರಿಯಾಗಿ ಊದಿದರೆ ಒಳಗಿನ ಗಾಳಿಯ ಕಂಬ ಒಂದು ಮೂಲಸ್ವರಕ್ಕೆ ನೆಲೆಗೊಳ್ಳುತ್ತದೆ. ಸಾಮಾನ್ಯ ಬೆರಳಿಡುವ ಕ್ರಮ ಬಿಟ್ಟು ಕೊಳವೆಯ ನಡುವೆ ಒಂದು ರಂಧ್ರವನ್ನು ತೆರೆದು ಅದರ ಕೆಳಗಿನವನ್ನು ಮುಚ್ಚಿದರೆ ಆ ಕಂಬ ಯಾವ ಒಂದು ಸ್ವರಕ್ಕೂ ನಿಲ್ಲಲಾರದೆ ಎರಡು ಮೂರು ಸ್ವರಗಳು ಒಟ್ಟಿಗೆ ಬರುತ್ತವೆ. ಇದು ಮಲ್ಟಿಫೋನಿಕ್. ಕಲಿಯುವವರು ಇಲ್ಲಿ ಮಾಡುವ ತಪ್ಪು, ಹಲ್ಲು ಕಚ್ಚಿ ರೀಡನ್ನು, ಅಂದರೆ ಊದಿದಾಗ ಕಂಪಿಸುವ ತೆಳುಪಟ್ಟಿಯನ್ನು, ಒತ್ತುವುದು. ರೀಡ್ ಬಿಗಿಯಾದರೆ ಮೇಲಿನ ಸ್ವರವೊಂದೇ ಉಳಿದು ಉಳಿದವು ಸಾಯುತ್ತವೆ. ಕೆಳದವಡೆ ಸಡಿಲ ಬಿಟ್ಟು, ಗಾಳಿ ನಿಧಾನವಾಗಿ ಹೆಚ್ಚಿಸುತ್ತ, ಎರಡನೆಯ ಸ್ವರ ಮೂಡುವ ಬಿಂದುವಿನಲ್ಲಿ ನಿಲ್ಲಬೇಕು. ಗೊಗ್ಗರು ದನಿ ಬೇಕಾದರೆ ಊದುತ್ತಲೇ ಗಂಟಲಲ್ಲಿ ಬೇರೊಂದು ಸ್ವರ ಗುನುಗಬೇಕು. ಎರಡೂ ಒಂದಕ್ಕೊಂದು ತಾಗಿ ಒರಟಾಗುತ್ತವೆ. ಟ್ರೊಂಬೋನಿನಲ್ಲಿ ಇದೇ ಉಪಾಯದಿಂದ ಆಲ್ಬರ್ಟ್ ಮಾಂಗಲ್ಸ್‌ಡಾರ್ಫ್ ಮೂರು ನಾಲ್ಕು ಸ್ವರಗಳ ಕಾರ್ಡ್ ತೆಗೆಯುತ್ತಿದ್ದರು. ಇಂಗ್ಲೆಂಡಿನ ಸ್ಯಾಕ್ಸೊಫೋನ್ ವಾದಕ ಇವಾನ್ ಪಾರ್ಕರ್ ಅವರ ಮುಗಿಯದ ಸೋಲೊಗಳ ಹಿಂದಿರುವುದು ವರ್ತುಲ ಉಸಿರಾಟ: ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಅದನ್ನು ಹೊರತಳ್ಳುವಷ್ಟು ಹೊತ್ತಿನಲ್ಲಿ ಮೂಗಿನಿಂದ ಎಳೆದುಕೊಳ್ಳುವುದು. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಗುಳ್ಳೆ ನಿಲ್ಲದಂತೆ ನೋಡಿಕೊಳ್ಳುವುದು ಇದರ ಮೊದಲ ಪಾಠ. ಕೆನ್ನೆಯಿಂದ ಎದೆಗೆ ಗಾಳಿ ಬದಲಾಗುವ ಕ್ಷಣದಲ್ಲಿ ಸ್ವರ ಅಲುಗುವುದು ಎಲ್ಲರಿಗೂ ಆಗುವ ತೊಂದರೆ. ಅದು ಹೋಗಲು ತಿಂಗಳುಗಳು ಬೇಕು.

ಶಿಕಾಗೋದವರ ದಾರಿ ಬೇರೆ. 1965ರ ಮೇ ತಿಂಗಳಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮತ್ತು ಸಂಗಡಿಗರು ಕಟ್ಟಿದ ಎಎಸಿಎಂ (ಅಸೋಸಿಯೇಷನ್ ಫಾರ್ ದ ಅಡ್ವಾನ್ಸ್‌ಮೆಂಟ್ ಆಫ್ ಕ್ರಿಯೇಟಿವ್ ಮ್ಯುಸಿಷಿಯನ್ಸ್) ಎಂಬ ವಾದಕರ ಸಂಘದ ಕಾರ್ಯಕ್ರಮಗಳಲ್ಲಿ ಸದಸ್ಯರ ಸ್ವಂತ ರಚನೆಗಳನ್ನೇ ನುಡಿಸಬೇಕೆಂಬ ಕಟ್ಟಳೆ ಇತ್ತು. ನ್ಯೂಯಾರ್ಕ್ ದಟ್ಟಣೆಯ ಕಡೆಗೆ ಓಡುತ್ತಿದ್ದಾಗ ಇವರು ಮೌನವನ್ನು ಒಳಗೆ ಬಿಟ್ಟುಕೊಂಡರು. 1966ರ ರಾಸ್ಕೊ ಮಿಚೆಲ್ ಅವರ ‘ಸೌಂಡ್’ ಕೇಳಿ: ಒಂದು ಸದ್ದು, ಬಿಡುವು, ಇನ್ನೊಂದು ಸದ್ದು. ಗಂಟೆ, ಸೀಟಿ, ಹಾರ್ಮೋನಿಕಾದಂಥ ‘ಚಿಕ್ಕ ವಾದ್ಯ’ಗಳಿಗೂ ಸ್ಯಾಕ್ಸೊಫೋನಿನಷ್ಟೇ ಮರ್ಯಾದೆ. ಅದೇ ಸಂಘದ ಆಂಥನಿ ಬ್ರಾಕ್ಸ್‌ಟನ್ 1969ರಲ್ಲಿ ಬರಿಯ ಆಲ್ಟೊ ಸ್ಯಾಕ್ಸೊಫೋನ್ ಒಂದನ್ನೇ ನುಡಿಸಿ ಎರಡು ಎಲ್‌ಪಿ ತುಂಬುವಷ್ಟು ರೆಕಾರ್ಡ್ ಮಾಡಿದರು. ನನ್ನ ಮಟ್ಟಿಗೆ ಈ ಇಡೀ ಚಳವಳಿಯ ಅತ್ಯಂತ ಧೈರ್ಯದ ಕೆಲಸ ಅದು. ಅಡಗಿಕೊಳ್ಳಲು ಡ್ರಮ್ಮೂ ಇಲ್ಲ, ಬಾಸೂ ಇಲ್ಲ.

ಗುಂಪಾಗಿ ನುಡಿಸುವಾಗ ಏನು ಕೆಡುತ್ತದೆ

ಕಾರ್ಡ್ ಇಲ್ಲ, ಬಾರ್ ಇಲ್ಲ ಎಂದಾದ ಮೇಲೆ ಐದಾರು ಜನ ಕೂತು ನುಡಿಸಿದರೆ ಮೊದಲ ಹತ್ತು ನಿಮಿಷದಲ್ಲಿ ಆಗುವುದು ಒಂದೇ: ಎಲ್ಲರೂ ಎಲ್ಲ ಹೊತ್ತೂ ನುಡಿಸುತ್ತಾರೆ. ದನಿ ಏರುತ್ತದೆ, ಬಾಸ್ ಮುಳುಗುತ್ತದೆ, ಏರಿದ್ದು ಇಳಿಯುವುದಿಲ್ಲ. ಹೆಚ್ಚು ಅಪಾಯದ್ದು ಇದರ ತಿರುವುಮುರುವು: ಒಬ್ಬರು ಏನು ಮಾಡಿದರೂ ಉಳಿದವರು ಕೂಡಲೇ ಅದನ್ನೇ ಅನುಕರಿಸುವುದು. ಅವರು ಮೂರು ಸ್ವರ ಊದಿದರೆ ಇವರೂ ಮೂರು. ಕೇಳಲು ಸಂವಾದದಂತಿದ್ದರೂ ಅದು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು, ಮುಕ್ತಾಯ. ಹಾಡಿನಲ್ಲಿ ಮುಕ್ತಾಯ ಮೊದಲೇ ಬರೆದಿರುತ್ತದೆ. ಇಲ್ಲಿ ಸಂಗೀತ ಸಹಜವಾಗಿ ಮುಗಿದಾಗ ಯಾರೋ ಒಬ್ಬರಿಗೆ ಮೌನ ತಡೆಯಲಾಗದೆ ಮತ್ತೆ ಶುರುಮಾಡುತ್ತಾರೆ. ಒಳ್ಳೆಯ ಹದಿನೈದು ನಿಮಿಷ, ಸಪ್ಪೆ ಇಪ್ಪತ್ತೈದಾಗುವುದು ಹೀಗೆ.

ಲಂಡನ್‌ನ ಡ್ರಮ್ಮರ್ ಜಾನ್ ಸ್ಟೀವನ್ಸ್ ಇದಕ್ಕೆಂದೇ ಅಭ್ಯಾಸಗಳನ್ನು ರೂಪಿಸಿದ್ದರು. ಒಂದರಲ್ಲಿ ಪ್ರತಿಯೊಬ್ಬರೂ ತಮ್ಮ ವಾದ್ಯದಿಂದ ಸಾಧ್ಯವಾದಷ್ಟು ಚಿಕ್ಕ ಸದ್ದನ್ನೇ ಮಾಡಬೇಕು, ಟಿಕ್, ಅಷ್ಟೇ. ಇನ್ನೊಂದರಲ್ಲಿ ಉಸಿರು ಇರುವಷ್ಟು ಹೊತ್ತು ಒಂದೇ ಸ್ವರ ಹಿಡಿದು, ಬಿಟ್ಟು, ಉಸಿರೆಳೆದು ಮತ್ತೆ ಹಿಡಿಯಬೇಕು. ಚಿಕ್ಕ ಸದ್ದು ಮಾಡುವವರಿಗೆ ಬಡಾಯಿಗೆ ಜಾಗವಿಲ್ಲ, ಉಳಿದವರ ಸದ್ದು ಕೇಳಿಸಿಕೊಳ್ಳದೆ ಗತಿಯಿಲ್ಲ. ದೊಡ್ಡ ತಂಡಕ್ಕೆ ಬೇರೆ ಉಪಾಯ ಬೇಕು. ಸಂಯೋಜಕ ಜಾನ್ ಜೋರ್ನ್ 1984ರ ‘ಕೋಬ್ರಾ’ದಲ್ಲಿ ಸ್ವರ ಒಂದನ್ನೂ ಬರೆಯಲಿಲ್ಲ. ಆಟದ ನಿಯಮ ಬರೆದರು. ನಡುವೆ ನಿಂತ ಸೂಚಕ ಬಣ್ಣದ ಫಲಕ ಎತ್ತುತ್ತಾನೆ. ಫಲಕ ಇಳಿದ ಕ್ಷಣದಲ್ಲಿ ಯಾರು ನುಡಿಸಬೇಕು, ಯಾರು ನಿಲ್ಲಬೇಕು, ಯಾರ ಜೊತೆ ಯಾರು ಎಂಬುದು ಬದಲಾಗುತ್ತದೆ. ಯಾವ ಫಲಕ ಎಂದು ಕೇಳುವ ಹಕ್ಕು ವಾದಕರದೇ. ಬುಚ್ ಮಾರಿಸ್ 1985ರಿಂದ ಕೈಸನ್ನೆಗಳ ಒಂದು ಶಬ್ದಕೋಶವನ್ನೇ ಬೆಳೆಸಿ, ಸಂಗೀತವನ್ನು ವೇದಿಕೆಯ ಮೇಲೆ ಆಗಿಂದಾಗ ಸಂಯೋಜಿಸುತ್ತಿದ್ದರು.

ಬೈದವರು, ಬೆನ್ನು ತಟ್ಟಿದವರು

1959ರ ನವೆಂಬರ್ 17ರಂದು ಕೋಲ್ಮನ್ ತಂಡ ನ್ಯೂಯಾರ್ಕ್‌ನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ನುಡಿಸತೊಡಗಿತು. ಎರಡು ವಾರಕ್ಕೆಂದು ಗೊತ್ತಾಗಿದ್ದು ಎರಡು ತಿಂಗಳು ದಾಟಿತು. ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್ ಬಂದು ಮೆಚ್ಚಿಕೊಂಡರು. ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ಜಾನ್ ಲೂಯಿಸ್, ಸಂಯೋಜಕ ಗುಂತರ್ ಶುಲರ್ ಅವರ ಪರ ನಿಂತರು. ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್, ಕುಡಿದೂ ಕೇಳಿದೆ, ಕುಡಿಯದೆಯೂ ಕೇಳಿದೆ, ಜೊತೆಗೆ ನುಡಿಸಿಯೂ ನೋಡಿದೆ, ಈ ಮನುಷ್ಯ ನಾಟಕವಾಡುತ್ತಿದ್ದಾನೆ ಎಂಬರ್ಥದ ಮಾತಾಡಿದರು. ಮೈಲ್ಸ್ ಡೇವಿಸ್ ಅವರಂತೂ ಕೋಲ್ಮನ್ ಅವರ ಮನಸ್ಸೇ ಸರಿಯಿಲ್ಲ ಎಂಬಂತೆ ಮಾತಾಡಿದರು. ಬೈಗುಳದಲ್ಲೂ ಒಂದು ಕ್ರಮವಿದೆ ನೋಡಿ: ಕಾರ್ಡ್‌ಗಳ ಮೇಲೆ ಓಡುವ ಕಲೆಗೆ ಜೀವಮಾನವನ್ನೇ ಕೊಟ್ಟವರ ಸಿಟ್ಟು ಹೆಚ್ಚು, ಸಂಯೋಜಕರಿಗೆ ಹೊಸ ರಚನೆ ಬೇಗ ಕಂಡಿತು.

‘ಆಂಟಿ-ಜಾಝ್’ ಎಂಬ ಹಣೆಪಟ್ಟಿ ಬಂದದ್ದು ಕೋಲ್ಮನ್ ಅವರಿಗಲ್ಲ. 1961ರ ನವೆಂಬರ್ 23ರ ಡೌನ್‌ಬೀಟ್‌ನಲ್ಲಿ ಅದೇ ಟೈನನ್, ಹಾಲಿವುಡ್‌ನ ಕ್ಲಬ್ಬೊಂದರಲ್ಲಿ ಟೆನರ್ ಸ್ಯಾಕ್ಸೊಫೋನ್ ವಾದಕ ಜಾನ್ ಕಾಲ್ಟ್ರೇನ್ ಮತ್ತು ಡಾಲ್ಫಿಯವರನ್ನು ಕೇಳಿ ಆ ಪದ ಬಳಸಿದರು. 1962ರ ಏಪ್ರಿಲ್‌ನಲ್ಲಿ ಅದೇ ಪತ್ರಿಕೆ ಇಬ್ಬರಿಗೂ ಉತ್ತರಿಸಲು ಪುಟ ಕೊಟ್ಟಿತು. ಕಾಲ್ಟ್ರೇನ್ ಅವರ ಸ್ಥಾನ ಬೇರೆ ಇತ್ತು. ಹಳೆಯ ವಿದ್ಯೆಯಲ್ಲಿ ಅವರಿಗೆ ಎದುರಿಲ್ಲವೆಂದು ವಿರೋಧಿಗಳೂ ಒಪ್ಪುತ್ತಿದ್ದರು, ‘ನುಡಿಸಲು ಬಾರದವರು’ ಎನ್ನಲು ಆಗುತ್ತಿರಲಿಲ್ಲ. ಹಾಗಾಗಿ 1965ರ ಜೂನ್ 28ರಂದು ಹನ್ನೊಂದು ಜನರನ್ನು ಕೂಡಿಸಿ ‘ಅಸೆನ್ಷನ್’ ಮಾಡಿದಾಗ ಅವರ ಮೆಚ್ಚುಗೆದಾರರೇ ಎರಡಾಗಿ ಒಡೆದರು. ಆ ಗದ್ದಲದಲ್ಲಿ ತಮ್ಮ ವಾದ್ಯ ತಮಗೇ ಕೇಳದಂತಾದ ಪಿಯಾನೊ ವಾದಕ ಮೆಕಾಯ್ ಟೈನರ್ ವರ್ಷ ಮುಗಿಯುವ ಹೊತ್ತಿಗೆ ತಂಡ ಬಿಟ್ಟರು. ಡ್ರಮ್ಮರ್ ಎಲ್ವಿನ್ ಜೋನ್ಸ್ ಕೂಡ ಹೆಚ್ಚು ದಿನ ನಿಲ್ಲಲಿಲ್ಲ.

ಸ್ವಾಗತ–ತಿರಸ್ಕಾರಗಳನ್ನು ಬರೀ ಕಿವಿಯ ವಿಷಯ ಎಂದುಕೊಂಡರೆ ಅರ್ಧ ಕಥೆ ಬಿಟ್ಟಂತೆ. ಕ್ಲಬ್ಬಿನ ಮಾಲೀಕನ ಆದಾಯ ಮದ್ಯದಿಂದ. ನಡುನಡುವೆ ನಿಂತು ಜನರಿಗೆ ಗ್ಲಾಸು ತುಂಬಿಸಿಕೊಳ್ಳಲು ಬಿಡುವು ಕೊಡುವ ಸಂಗೀತ ಅವನಿಗೆ ಬೇಕು. ಒಂದು ಗಂಟೆ ಎಡೆಬಿಡದೆ ನಡೆಯುವ ಒಂದೇ ತುಣುಕು ಬೇಡ. ಮೊದಲ ರೆಕಾರ್ಡು ಬಂದು ವರ್ಷಗಳಾಗಿದ್ದರೂ ಟೇಲರ್ ಪಾತ್ರೆ ತೊಳೆಯುವ ಕೆಲಸ ಮಾಡಬೇಕಾಯಿತು. ಕೋಲ್ಮನ್ ತಮ್ಮ ಸಂಭಾವನೆ ಏರಿಸಿ, ಕೊಡುವವರಿಲ್ಲದೆ, 1962ರ ಕೊನೆಯಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ತಾವೇ ಕಛೇರಿ ಏರ್ಪಡಿಸಿ, ಆಮೇಲೆ ಎರಡು ವರ್ಷ ಸಾರ್ವಜನಿಕ ವೇದಿಕೆಯಿಂದ ದೂರ ಉಳಿದರು. 1964ರ ಅಕ್ಟೋಬರ್ 1ರಿಂದ 4ರವರೆಗೆ ಟ್ರಂಪೆಟ್ ವಾದಕ ಬಿಲ್ ಡಿಕ್ಸನ್ ನ್ಯೂಯಾರ್ಕ್‌ನ ಸೆಲರ್ ಕೆಫೆಯಲ್ಲಿ ‘ಅಕ್ಟೋಬರ್ ರೆವಲ್ಯೂಷನ್ ಇನ್ ಜಾಝ್’ ಎಂಬ ಕಛೇರಿಗಳ ಸರಣಿ ನಡೆಸಿದರು. ಅದರ ಬೆನ್ನಿಗೆ ಹುಟ್ಟಿದ ವಾದಕರ ಒಕ್ಕೂಟ ಒಂದು ವರ್ಷವೂ ಬಾಳಲಿಲ್ಲ. ಎಎಸಿಎಂ ಮಾತ್ರ ಉಳಿಯಿತು, ಈಗಲೂ ಇದೆ. ಅದು ರೆಕಾರ್ಡ್ ಕಂಪನಿಗಳ ಜೊತೆ ಚೌಕಾಸಿಗೆಂದು ಹುಟ್ಟಿದ್ದಲ್ಲ, ತನ್ನದೇ ಕಛೇರಿ, ತನ್ನದೇ ಶಾಲೆ ಎಂದು ಹೊರಟದ್ದು. ಬರ್ನಾರ್ಡ್ ಸ್ಟೋಲ್ಮನ್ ಎಂಬ ವಕೀಲರ ಇಎಸ್‌ಪಿ-ಡಿಸ್ಕ್ ರೆಕಾರ್ಡ್ ಕಂಪನಿ ಐಲರ್‌ರಂಥವರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿತು. ನೀವು ಏನು ಕೇಳಬೇಕೆಂಬುದನ್ನು ಕಲಾವಿದರೇ ನಿರ್ಧರಿಸುತ್ತಾರೆ ಎಂದು ಹೊದಿಕೆಯ ಮೇಲೇ ಅಚ್ಚಾಗಿರುತ್ತಿತ್ತು.

ಕಪ್ಪು ಅಮೆರಿಕನ್ನರ ಹಕ್ಕಿನ ಹೋರಾಟದ ವರ್ಷಗಳೂ ಅವೇ. ಕಪ್ಪು ಕವಿ, ವಿಮರ್ಶಕ ಅಮಿರಿ ಬರಾಕ ಈ ಸಂಗೀತವನ್ನು ಆ ಹೋರಾಟದ ದನಿಯೆಂದೇ ಓದಿದರು. ಸ್ಯಾಕ್ಸೊಫೋನ್ ವಾದಕ ಆರ್ಚಿ ಶೆಪ್ ತಾವಾಗಿ ಹಾಗೆ ಹೇಳಿಕೊಂಡರು. ಐಲರ್ ಅದೇ ಸದ್ದನ್ನು ದೇವರ ಸ್ತುತಿ ಎಂದರು. ಬಿಳಿಯ ವಿಮರ್ಶಕರು ‘ಸಿಟ್ಟಿನ ಸಂಗೀತ’ ಎಂದು ಮುದ್ರೆ ಒತ್ತಿದಾಗ ಅದರೊಳಗಿನ ರಚನೆಯನ್ನು ಕೇಳುವ ಕೆಲಸ ತಪ್ಪಿಸಿಕೊಂಡಂತೆಯೂ ಆಯಿತು.

ಯುರೋಪು ಬೇಗ ಬಾಗಿಲು ತೆರೆಯಿತು. 1969ರಲ್ಲಿ ಪ್ಯಾರಿಸ್‌ಗೆ ಹೋದ ಎಎಸಿಎಂ ತಂಡ ಆರ್ಟ್ ಆನ್ಸಾಂಬಲ್ ಆಫ್ ಶಿಕಾಗೋ ಎರಡು ವರ್ಷದೊಳಗೆ ಹನ್ನೆರಡಕ್ಕೂ ಹೆಚ್ಚು ರೆಕಾರ್ಡ್ ಮಾಡಿತು. ಆ ವರ್ಷದ ಅಕ್ಟೋಬರಿನ ದೊಡ್ಡ ಉತ್ಸವಕ್ಕೆ ಫ್ರಾನ್ಸ್ ಸರ್ಕಾರ ಅನುಮತಿ ಕೊಡದೆ ಅದು ಬೆಲ್ಜಿಯಂನ ಅಮೂಜಿಗೆ ಹೋಯಿತು; ಅಲ್ಲಿ ಈ ಶಿಕಾಗೋ ತಂಡ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡ ಇದ್ದ ವೇದಿಕೆಯಲ್ಲೇ ನುಡಿಸಿತು. ಯುರೋಪಿನವರು ಬರೀ ಅತಿಥೇಯರಾಗಿ ಉಳಿಯಲಿಲ್ಲ. ಜರ್ಮನಿಯ ಸ್ಯಾಕ್ಸೊಫೋನ್ ವಾದಕ ಪೀಟರ್ ಬ್ರಾಟ್ಸ್‌ಮನ್ 1968ರ ಮೇನಲ್ಲಿ ಬ್ರೆಮೆನ್‌ನಲ್ಲಿ ತಾವೂ ಸೇರಿ ಎಂಟು ಜನರ ತಂಡದಲ್ಲಿ ‘ಮೆಷಿನ್ ಗನ್’ ರೆಕಾರ್ಡ್ ಮಾಡಿ ಮುನ್ನೂರು ಪ್ರತಿ ತಾವೇ ಹೊರತಂದರು. ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೇಲಿಯಂಥವರು ಬ್ಲೂಸ್ ನೆರಳೂ ಇಲ್ಲದ ಕಡೆಗೆ ನಡೆದು, ತಮ್ಮದನ್ನು ಜಾಝ್ ಎನ್ನುವುದನ್ನೇ ಬಿಟ್ಟರು.

1970ರ ದಶಕದಲ್ಲಿ ನ್ಯೂಯಾರ್ಕ್‌ನ ಖಾಲಿ ಬಿದ್ದ ಕಾರ್ಖಾನೆ ಮಹಡಿಗಳು, ಸ್ಯಾಮ್ ರಿವರ್ಸ್ ಅವರ ಸ್ಟುಡಿಯೋ ರಿವ್‌ಬೀಯಂಥವು, ಈ ಸಂಗೀತಕ್ಕೆ ನೆಲೆಯಾದವು. ಬಾಡಿಗೆ ಏರಿತು, ಅವು ಮುಚ್ಚಿದವು. 1980ರ ದಶಕದಲ್ಲಿ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಸುತ್ತ ಬೆಳೆದ ಪರಂಪರಾವಾದ ಇಡೀ ಅಧ್ಯಾಯವನ್ನು ಅಡ್ಡದಾರಿ ಎಂದು ಬದಿಗೆ ಸರಿಸಿತು. 2001ರಲ್ಲಿ ಬಂದ ಕೆನ್ ಬರ್ನ್ಸ್ ಅವರ ಹತ್ತು ಕಂತಿನ ಸಾಕ್ಷ್ಯಚಿತ್ರದಲ್ಲಿ 1961ರಿಂದ ಆಚೆಯ ನಲವತ್ತು ವರ್ಷಗಳಿಗೆಲ್ಲ ಸೇರಿ ಸಿಕ್ಕಿದ್ದು ಕೊನೆಯ ಕಂತೊಂದೇ. ಅತ್ತ ಬಹುಮಾನಗಳ ಲೋಕ ಬೇರೆ ದಿಕ್ಕಿಗೆ ನಡೆಯುತ್ತಿತ್ತು: ಟೇಲರ್ ಅವರಿಗೆ 1991ರಲ್ಲಿ, ಕೋಲ್ಮನ್ ಮತ್ತು ಬ್ರಾಕ್ಸ್‌ಟನ್ ಅವರಿಗೆ 1994ರಲ್ಲಿ ಮ್ಯಾಕ್‌ಆರ್ಥರ್ ಫೆಲೊಷಿಪ್, ಸಂಗೀತದ ಪುಲಿಟ್ಜರ್ 2007ರಲ್ಲಿ ಕೋಲ್ಮನ್ ಅವರಿಗೆ, 2016ರಲ್ಲಿ ಎಎಸಿಎಂನ ಹೆನ್ರಿ ಥ್ರೆಡ್‌ಗಿಲ್ ಅವರಿಗೆ. 1965ರಲ್ಲಿ ಡ್ಯೂಕ್ ಎಲಿಂಗ್ಟನ್ ಅವರಿಗೇ ಗೌರವ ಕೊಡಲು ಒಪ್ಪದಿದ್ದ ಪುಲಿಟ್ಜರ್ ಮಂಡಳಿ ಅದು!

ಕೇಳಲು ಶುರುಮಾಡುವವರಿಗೆ

ಕ್ರಮ ಮುಖ್ಯ. ‘ಅಸೆನ್ಷನ್’ನಿಂದ ಶುರುಮಾಡಿದವರು ಸಾಮಾನ್ಯವಾಗಿ ಅಲ್ಲೇ ಮುಗಿಸುತ್ತಾರೆ. ಮೊದಲು ‘ಲೋನ್ಲಿ ವುಮನ್’ ಮೂರು ಸಲ: ಒಮ್ಮೆ ಹೆಡ್ ಮಾತ್ರ ಗಮನಿಸಿ, ಒಮ್ಮೆ ಬಾಸ್, ಒಮ್ಮೆ ಸಿಂಬಲ್. ಆಮೇಲೆ ಡಾಲ್ಫಿಯವರ 1964ರ ‘ಔಟ್ ಟು ಲಂಚ್’. ಅದರಲ್ಲಿ ಬರೆದ ರಚನೆ, ಲಯ ಎರಡೂ ಇವೆ, ಆದರೆ ಪಿಯಾನೊ ಇರಬೇಕಾದ ಜಾಗದಲ್ಲಿ ಬಾಬಿ ಹಚರ್ಸನ್ ಅವರ ವೈಬ್ರಫೋನ್ ಇದೆ, ಕಾರ್ಡ್‌ಗಳ ನಡುವೆ ಗಾಳಿಯಾಡುತ್ತದೆ. ಮೂರನೆಯದು ‘ಸ್ಪಿರಿಚುವಲ್ ಯೂನಿಟಿ’, ಚಿಕ್ಕದಾದ್ದರಿಂದ. ನಾಲ್ಕನೆಯದು ‘ಫ್ರೀ ಜಾಝ್’.

‘ಫ್ರೀ ಜಾಝ್’ ಕೇಳುವ ಮುನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೊ ಆಡಿಯೊ ಆನ್ ಆಗಿಲ್ಲವೆಂದು ನೋಡಿಕೊಳ್ಳಿ. ಆನ್ ಆಗಿದ್ದರೆ ಎರಡು ತಂಡ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹತ್ತು ನಿಮಿಷ ಕೇಳಿ, ಪೂರ್ತಿ ಬಲಕ್ಕೆ ತಿರುಗಿಸಿ ಅದೇ ಹತ್ತು ನಿಮಿಷ ಕೇಳಿ, ಆಮೇಲೆ ಮಧ್ಯಕ್ಕೆ ತನ್ನಿ. ಎಡದ ಲಫಾರೊ ಮೇಲಿನ ಸ್ವರಗಳಲ್ಲಿ ಓಡಾಡುವುದೂ ಬಲದ ಹೇಡನ್ ತಳ ಬಿಡದಿರುವುದೂ ಹೀಗೆ ಬೇರೆಬೇರೆ ಕೇಳಿದಾಗಲೇ ತಿಳಿಯುತ್ತದೆ.

ಫೋನಿನ ಸ್ಪೀಕರಿನಲ್ಲಿ ಇದಾವುದನ್ನೂ ಕೇಳಬೇಡಿ. ಡಬಲ್ ಬಾಸಿನ ಅತಿ ಕೆಳಗಿನ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ; ಆ ಪುಟ್ಟ ಸ್ಪೀಕರಿಗೆ ಅದು ಎಟುಕುವುದಿಲ್ಲ. ಹಳೆಯ ಜಾಝ್‌ನಲ್ಲಿ ಬಾಸ್ ಕೇಳದಿದ್ದರೂ ಪಿಯಾನೊ ಕೈಹಿಡಿಯುತ್ತದೆ. ಇಲ್ಲಿ ಬಾಸ್ ಹೋದರೆ ಹಿಡಿದುಕೊಳ್ಳಲು ಏನೂ ಇಲ್ಲ, ಉಳಿಯುವುದು ಮೇಲಿನ ಕಿರುಚಾಟ ಮಾತ್ರ. ಈ ಸಂಗೀತವನ್ನು ಬೈಯುವವರಲ್ಲಿ ಎಷ್ಟು ಜನ ಅದನ್ನೇ ಕೇಳಿದ್ದಾರೋ!

ಕೊನೆಗೆ ‘ಅಸೆನ್ಷನ್’. ಇದರಲ್ಲಿ ಎರಡು ಆವೃತ್ತಿಗಳಿವೆ. ಮೊದಲು ಮಾರಾಟಕ್ಕೆ ಬಂದದ್ದನ್ನು ಕಾಲ್ಟ್ರೇನ್ ಅವರ ಇಚ್ಛೆಯಂತೆ ಆಮೇಲೆ ಬದಲಿಸಿದರು. ಹಳೆಯ ಎಲ್‌ಪಿ ಕೈಗೆ ಬಂದರೆ ಲೇಬಲ್ಲಿನ ಪಕ್ಕದ ಖಾಲಿ ಪಟ್ಟಿಯಲ್ಲಿ ‘ಎಡಿಷನ್ II’ ಎಂದು ಕೆತ್ತಿದೆಯೇ ನೋಡಿ. ಸೋಲೊಗಳ ಸರದಿ ಎರಡರಲ್ಲೂ ಒಂದೇ ಅಲ್ಲ. ಒಂದರ ಟಿಪ್ಪಣಿ ಹಿಡಿದು ಇನ್ನೊಂದನ್ನು ಕೇಳಿದರೆ ಯಾರು ನುಡಿಸುತ್ತಿದ್ದಾರೆ ಎಂಬುದು ತಪ್ಪಾಗುತ್ತದೆ. ಟೆನರ್‌ನಲ್ಲಿ ಕಾಲ್ಟ್ರೇನ್, ಶೆಪ್, ಫರೋವಾ ಸ್ಯಾಂಡರ್ಸ್ ಮೂವರಿದ್ದಾರೆ. ಗುರುತು ಹಿಡಿಯುವುದು ಹೀಗೆ: ಸ್ವರಗಳ ಸಾಲು ಸ್ಪಷ್ಟವಾಗಿ ಕೇಳಿದರೆ ಕಾಲ್ಟ್ರೇನ್, ತಗ್ಗಿನಲ್ಲಿ ತೊದಲುವಂತೆ ಒರಟಾಗಿ ಬಂದರೆ ಶೆಪ್, ಸ್ವರವೇ ಸಿಗದೆ ಬರೀ ಸೀಳುದನಿಯಾದರೆ ಸ್ಯಾಂಡರ್ಸ್. ನಲವತ್ತು ನಿಮಿಷದ ಆಸುಪಾಸಿನ ತುಣುಕು. ಎರಡು ಕಂತಿನಲ್ಲಿ ಕೇಳಿದರೆ ತಪ್ಪೇನಿಲ್ಲ, ಎಲ್‌ಪಿಯಲ್ಲೂ ನಡುವೆ ಎದ್ದು ಮಗುಚಿ ಹಾಕಲೇಬೇಕಿತ್ತು.